ಸತ್ಯಾಂಶ: ತಾರಸಿ ಹಾಕಿದ ಮೇಲೂ ದೂರು ಕೊಡಬಹುದು

‘ಪಕ್ಕದ ಮನೆಯವರು ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಬಿಡಬೇಕಾದ ಖಾಲಿ ಜಾಗ) ಬಿಡದೆ ಕಟ್ಟಿದ್ದರೂ, ಒಮ್ಮೆ ತಾರಸಿ ಹಾಕಿದರೆ ಯಾರೂ ಮುಟ್ಟುವಂತಿಲ್ಲ’ ಎಂಬ ವಾಟ್ಸ್‌ಆ್ಯಪ್ ಸಂದೇಶ ತಪ್ಪು. ಇದನ್ನು ನಂಬಿ ಗಾಳಿ ಬೆಳಕು ಕಳೆದುಕೊಂಡವರು ಸುಮ್ಮನಾಗಬಾರದು.

ಮೀರತ್‌ನಲ್ಲಿ ವಾಸದ ನಿವೇಶನದಲ್ಲಿ ಅಂಗಡಿಗಳನ್ನು ಕಟ್ಟಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 17ರಂದು ಸ್ಪಷ್ಟವಾಗಿಯೇ ಹೇಳಿದೆ: ಎಷ್ಟು ವರ್ಷ ಕಳೆದರೂ, ಎಷ್ಟು ಹಣ ಸುರಿದಿದ್ದರೂ, ಅಧಿಕಾರಿಗಳು ಕಣ್ಣುಮುಚ್ಚಿ ಕೂತಿದ್ದರೂ ಅಕ್ರಮ ಕಟ್ಟಡ ಸಕ್ರಮವಾಗುವುದಿಲ್ಲ.

ಹಾಗೆಂದು ದೂರು ಕೊಟ್ಟ ಮರುದಿನವೇ ಜೆಸಿಬಿ ಬರುವುದೂ ಇಲ್ಲ. ಮೊದಲು ನೋಟಿಸ್ ಕೊಡಬೇಕು, ಕಟ್ಟಿದವರ ಮಾತು ಕೇಳಬೇಕು, ಅದು ನ್ಯಾಯವೇ. ಆದರೂ ಪಾಯ ಹಾಕುವಾಗಲೇ ಎಚ್ಚೆತ್ತರೆ ಇಬ್ಬರಿಗೂ ಒಳ್ಳೆಯದು. ಮಂಜೂರಾದ ನಕ್ಷೆಯ ಪ್ರತಿಯನ್ನು ಮಾಹಿತಿ ಹಕ್ಕಿನಡಿ ಕೇಳಿ, ಫೋಟೊಗಳೊಂದಿಗೆ ಸ್ಥಳೀಯ ಸಂಸ್ಥೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ.