ಚಿಲಕದಡಿಯ ಹಳದಿ

ಕುಂದಾಪುರದ ಹತ್ತಿರದ ನಮ್ಮ ಹಳೇ ಮನೆಯ ಬಾಗಿಲಿಗೆ ಹೊಸ ಚಿಲಕ ಹಾಕಿಸೋಣ ಅಂತ ಮೊನ್ನೆ ಹಳೇದನ್ನು ಬಿಚ್ಚಿಸಿದೆ. ಅದರಡಿಯಲ್ಲಿ ಅಂಗೈ ಅಗಲದ ಹಳದಿ! ಹಲಸಿನ ಮರ ಆಗಷ್ಟೇ ಕೊಯ್ದಾಗ ಇರುತ್ತದಲ್ಲ, ಹೆಚ್ಚುಕಮ್ಮಿ ಅದೇ ಅರಿಶಿನದ ಬಣ್ಣ. ಬಿಸಿಲು ಕಾಣದ ಜಾಗ ಅದೊಂದೇ ನೋಡಿ. ಸುತ್ತಲಿನ ಹಲಗೆಯೆಲ್ಲ ಜೋನಿಬೆಲ್ಲದ ಬಣ್ಣಕ್ಕೆ ತಿರುಗಿದೆ.

ಕೆಳಗಿನ ಒಂದು ಗೇಣಿನ ಕಥೆಯೇ ಬೇರೆ. ಪಡುವಣ ಮುಖದ ಬಾಗಿಲು, ಮಳೆಗಾಲದ ಎರಚಲೆಲ್ಲ ಕಡಲ ಕಡೆಯಿಂದ ಬಂದು ಅಲ್ಲೇ ಹೊಡೆಯುತ್ತದೆ. ಮರದ ನಾರುಗಳನ್ನು ಹಿಡಿದಿಡುವ ಲಿಗ್ನಿನ್ ಅನ್ನುವ ಅಂಟನ್ನು ಬಿಸಿಲು ಒಡೆಯುತ್ತದೆ, ಒಡೆದದ್ದನ್ನು ಮಳೆ ತೊಳೆದುಕೊಂಡು ಹೋಗುತ್ತದೆ, ಉಳಿಯುವುದು ಬರೀ ಬೂದಿ ಬಣ್ಣದ ನಾರು. ಬೆರಳಾಡಿಸಿದರೆ ಗೋಣಿಚೀಲ ಸವರಿದ ಹಾಗೆ. ಆದರೆ ಉಗುರಿನಿಂದ ಕೆರೆದು ನೋಡಿದೆ, ಒಳಗಡೆ ಮರ ಗಟ್ಟಿಯಾಗೇ ಇದೆ.

ಹಾಳಾಗಿದ್ದು ನಾನು ಉಪಕಾರ ಮಾಡಿದ ಕಿಟಕಿ. ಫಳಫಳ ಹೊಳೆಯಲಿ ಅಂತ ಎನಾಮಲ್ ಪೇಂಟ್ ಬಳಿಸಿದ್ದೆ. ಎರಡು ಮಳೆಗಾಲಕ್ಕೆ ಹಪ್ಪಳದ ಹಾಗೆ ಗುಳ್ಳೆ ಎದ್ದಿತು. ಬಿರುಕಿನಿಂದ ಒಳಗೆ ಇಳಿದ ನೀರಿಗೆ ಹೊರಗೆ ಬರಲು ದಾರಿ ಬೇಕಲ್ವಾ? ಕೆಳಗಿನ ದಾರಂದ, ಅಂದರೆ ಚೌಕಟ್ಟಿನ ಮರ, ಕೊಳೆತು ಕುಂಬಾಯಿತು. ಮಾಡಿನ ಹೆಂಚು ಹೊರುವ ಪಕಾಸುಗಳಿಗೆ ಅಪ್ಪ ಗೇರುಬೀಜದ ಸಿಪ್ಪೆಯ ಗೇರೆಣ್ಣೆ ಬಳಿಸಿದ್ದರು. ಅವು ಕಪ್ಪಗೆ, ಸುಮ್ನೆ ಕೂತಿವೆ.

ಅಂಗಳದ ಪಾಗಾರದ್ದು, ಅಂದರೆ ಸುತ್ತುಗೋಡೆಯದ್ದು, ಇನ್ನೂ ತಮಾಷೆ. ಅದು ಮುರಕಲ್ಲು. ನೆಲದಿಂದ ಎತ್ತುವಾಗ ಕೊಡಲಿಯಲ್ಲೇ ಕಡಿಯುವಷ್ಟು ಮೆತ್ತಗೆ, ಗಾಳಿ ಬಿಸಿಲಿಗೆ ಒಣಗಿದ ಹಾಗೆ ಒಳಗಿನ ಕಬ್ಬಿಣದಂಶ ಬಿಗಿದುಕೊಂಡು ಗಟ್ಟಿ. 1800ರ ಹೊತ್ತಿಗೆ ಈ ಕಡೆಯೆಲ್ಲ ಸುತ್ತಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಮಲಬಾರಿನಲ್ಲಿ ಇದನ್ನು ಇಟ್ಟಿಗೆಯ ಹಾಗೆ ಕಡಿಯುವುದು ನೋಡಿ, ಇಟ್ಟಿಗೆಗಿರುವ ಲ್ಯಾಟಿನ್ ಪದ ಹಿಡಿದು ಲ್ಯಾಟರೈಟ್ ಅಂತ ಹೆಸರಿಟ್ಟ. ಬೇಲೂರು, ಹಳೇಬೀಡಿನ ಬಳಪದ ಕಲ್ಲೂ ಇದೇ ಜಾತಿಯ ಬುದ್ಧಿಯದು. ಹೊಸತರಲ್ಲಿ ಉಳಿಗೆ ಬಗ್ಗುತ್ತದೆ, ಬಯಲಿಗೆ ಬಂದ ಮೇಲೆ ಬಿಗಿಯುತ್ತದೆ. ನಾವು ಮಾತ್ರ ಗಾಳಿ ಮಳೆ ಅಂದರೆ ಹಾಳು ಅಂತಲೇ ಲೆಕ್ಕ ಹಾಕುತ್ತೇವೆ.

ಹೊಸ ಚಿಲಕ ಹಳೇದಕ್ಕಿಂತ ಸಣ್ಣದು. ಸುತ್ತ ಒಂದು ಬೆರಳು ಹಳದಿ ಅಂಚು ಉಳಿಯಿತು. ಆಚಾರಿ ಪಾಲಿಶ್ ಹೊಡೆದು ಬಣ್ಣ ಸೇರಿಸ್ತೇನೆ ಅಂದ. ಬೇಡ ಮಾರಾಯ, ಸಂಜೆ ಬಿಸಿಲು ನೇರ ಬೀಳುತ್ತೆ, ತಾನೇ ಸೇರುತ್ತೆ ಅಂದೆ. ಅರ್ಧ ದಿನದ ಕೂಲಿ ಹೋಯಿತು ಅಂತ ಮುಖ ಸಣ್ಣ ಮಾಡಿಕೊಂಡು ಸಾಮಾನು ಕಟ್ಟಿದ.