ಗ್ರ್ಯಾಂಡ್ ಕ್ಯಾನಿಯನ್ ಒಂದು ದಿನದ ಬಸ್ ಟೂರ್ ಅಲ್ಲ

ಅಮೆರಿಕದಲ್ಲಿರುವ ಮಗನ ಮನೆಗೋ ಮಗಳ ಮನೆಗೋ ಹೋಗುವ ಅಪ್ಪ-ಅಮ್ಮಂದಿರ ತಿರುಗಾಟದ ಪಟ್ಟಿ ಹೆಚ್ಚುಕಡಿಮೆ ಎಲ್ಲ ಮನೆಗಳಲ್ಲೂ ಒಂದೇ. ನಯಾಗರ, ನ್ಯೂಯಾರ್ಕ್, ವಾಷಿಂಗ್ಟನ್, ಆಮೇಲೆ ಯಾವುದಾದರೂ ಲಾಂಗ್ ವೀಕೆಂಡ್‌ನಲ್ಲಿ ಲಾಸ್ ವೇಗಸ್. ಅಷ್ಟು ದೂರ ಹೋದ ಮೇಲೆ ಗ್ರ್ಯಾಂಡ್ ಕ್ಯಾನಿಯನ್ ಬಿಡೋದುಂಟೇ ಎಂದು ಒಂದು ದಿನದ ಬಸ್ ಟೂರ್. ಬೆಳಗಿನ ಜಾವ ಹೊರಟು, ಕಂದರದ ಅಂಚಿನಲ್ಲಿ ಎರಡು-ಮೂರು ಗಂಟೆ ನಿಂತು, ರಾತ್ರಿ ಹೊತ್ತಿಗೆ ವಾಪಸ್. ಹೋದ ಪುಟ್ಟ, ಬಂದ ಪುಟ್ಟ. ಊರಿಗೆ ಮರಳಿದ ಮೇಲೆ "ಎಷ್ಟು ಸ್ಟೇಟ್ ನೋಡಿದ್ರಿ?" ಎಂದವರಿಗೆ ಒಂದು ಸಂಖ್ಯೆ.

ಆ ಸಂಖ್ಯೆಯ ಆಸೆಯನ್ನು ಬಿಟ್ಟುಬಿಡಿ ಎಂದು ಕೇಳಿಕೊಳ್ಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹತ್ತು ರಾತ್ರಿಗಳ ಬಿಡುವು ಸಿಕ್ಕರೆ ಐದಾರು ರಾಜ್ಯ ಓಡಬೇಡಿ. ಯೂಟಾ ರಾಜ್ಯದ ದಕ್ಷಿಣ ಭಾಗ, ಅರಿಜೋನಾದ ಉತ್ತರ ಭಾಗ, ಇವೆರಡೇ ಸಾಕು. ಕೊಲರಾಡೊ ಪ್ರಸ್ಥಭೂಮಿಯ ಈ ಒಣನೆಲವನ್ನು ನಿಧಾನವಾಗಿ ನೋಡಿದವರಿಗೆ ಉಳಿದ ಪಟ್ಟಿ ತಪ್ಪಿಹೋಯಿತು ಎಂಬ ಕೊರಗು ಇರುವುದಿಲ್ಲ.

ಯಾಕೆಂದರೆ ಬ್ರೈಸ್, ಜಯಾನ್, ಗ್ರ್ಯಾಂಡ್ ಕ್ಯಾನಿಯನ್ ಎಂಬ ಮೂರು ಪಾರ್ಕ್‌ಗಳು ಮೂರು ಬೇರೆ ಬೇರೆ ನೋಟಗಳಲ್ಲ, ಒಂದೇ ಮೆಟ್ಟಿಲಸಾಲು. ಭೂವಿಜ್ಞಾನಿಗಳು ಇದನ್ನು ಗ್ರ್ಯಾಂಡ್ ಸ್ಟೇರ್‌ಕೇಸ್ ಎನ್ನುತ್ತಾರೆ. ಬ್ರೈಸ್‌ನಲ್ಲಿ ತಳದಲ್ಲಿರುವ ಕಲ್ಲಿನ ಪದರ ಜಯಾನ್‌ನಲ್ಲಿ ನೆತ್ತಿಯ ಮೇಲಿದೆ. ಜಯಾನ್‌ನ ತಳದ ಪದರ ಗ್ರ್ಯಾಂಡ್ ಕ್ಯಾನಿಯನ್‌ನ ಅಂಚಾಗಿದೆ. ಆ ಅಂಚಿನ ಸುಣ್ಣಕಲ್ಲಿಗೆ ಸುಮಾರು 27 ಕೋಟಿ ವರ್ಷ. ಅಲ್ಲಿಂದ ಒಂದು ಮೈಲಿ ಆಳದಲ್ಲಿ, ಕೊಲರಾಡೊ ನದಿಯ ಪಕ್ಕದಲ್ಲಿರುವ ಕಪ್ಪು ಶಿಲೆಗೆ 170 ಕೋಟಿ ವರ್ಷಕ್ಕೂ ಹೆಚ್ಚು. ಅದರ ಹೆಸರು ವಿಷ್ಣು ಶಿಸ್ಟ್. ಹತ್ತೊಂಬತ್ತನೇ ಶತಮಾನದಲ್ಲಿ ಇಲ್ಲಿ ಸಮೀಕ್ಷೆ ಮಾಡಿದ ಭೂವಿಜ್ಞಾನಿ ಕ್ಲಾರೆನ್ಸ್ ಡಟನ್ ಒಳಗಿನ ಶಿಖರಗಳಿಗೆ ವಿಷ್ಣು ಟೆಂಪಲ್, ಶಿವ ಟೆಂಪಲ್ ಎಂದು ಹೆಸರಿಟ್ಟರು; ನಕ್ಷೆಯಲ್ಲಿ ಇವತ್ತಿಗೂ ಅವೇ ಇವೆ. ಒಂದನ್ನು ಮಾತ್ರ ನೋಡಿ ಬಂದರೆ ಮೆಟ್ಟಿಲಿನ ಒಂದು ಹಂತದ ಮೇಲೆ ನಿಂತು ಬಂದ ಹಾಗೆ.

ಮೊದಲು ಬಸ್ ಟೂರಿನ ದೊಡ್ಡ ಗೊಂದಲದ ಬಗ್ಗೆ. ವೇಗಸ್‌ನಲ್ಲಿ "ಗ್ರ್ಯಾಂಡ್ ಕ್ಯಾನಿಯನ್ ಟೂರ್" ಎಂದು ಮಾರುವುದರಲ್ಲಿ ಎರಡು ಬಗೆಯಿದೆ. ಒಂದು ವೆಸ್ಟ್ ರಿಮ್ (ಪಶ್ಚಿಮದ ಅಂಚು): ವೇಗಸ್‌ನಿಂದ ಸುಮಾರು ಎರಡೂವರೆ ಗಂಟೆ. ಕಂದರದ ಮೇಲೆ ಚಾಚಿದ ಗಾಜಿನ ಸೇತುವೆ, ಸ್ಕೈವಾಕ್, ಇರುವುದು ಇಲ್ಲಿ. ಇದು ರಾಷ್ಟ್ರೀಯ ಉದ್ಯಾನದೊಳಗಿಲ್ಲ, ವಾಲಪೈ ಬುಡಕಟ್ಟಿನವರ ಜಮೀನಿನಲ್ಲಿದೆ. ಟಿಕೆಟ್ ಬೇರೆ. ಇನ್ನೊಂದು ಸೌತ್ ರಿಮ್: ಸುಮಾರು 280 ಮೈಲಿ, ಹೋಗಲು ನಾಲ್ಕೂವರೆ ಗಂಟೆ, ಬರಲು ಅಷ್ಟೇ. ಫೋಟೊಗಳಲ್ಲಿ ಕಾಣುವ ಆ ಪದರ ಪದರದ ವಿಸ್ತಾರ ಸೌತ್ ರಿಮ್‌ನದು. ವೆಸ್ಟ್ ರಿಮ್ ನೋಡಿ "ಇಷ್ಟೇನಾ?" ಎನ್ನುವವರು ಪಾಪ ಬೇರೆಯದೇ ಜಾಗ ನೋಡಿರುತ್ತಾರೆ. ಬುಕ್ ಮಾಡುವ ಮುನ್ನ ಯಾವ ರಿಮ್ ಎಂದು ಓದಿಕೊಳ್ಳಿ.

ನಾರ್ತ್ ರಿಮ್ ಮೂರನೆಯದು. ಸೌತ್ ರಿಮ್‌ನಿಂದ ಹಕ್ಕಿ ಹಾರುವ ದಾರಿಯಲ್ಲಿ ಹತ್ತು ಮೈಲಿ, ಕಾರಿನಲ್ಲಿ ಇನ್ನೂರು ಮೈಲಿ ದಾಟುತ್ತದೆ. 2025ರ ಜುಲೈನ ಕಾಳ್ಗಿಚ್ಚಿನಲ್ಲಿ ಅಲ್ಲಿನ ಹಳೆಯ ಲಾಡ್ಜ್ ಸುಟ್ಟುಹೋಯಿತು. ಸದ್ಯಕ್ಕೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಈಗ ದಾರಿ. ವೇಗಸ್‌ನಲ್ಲಿ ಇಳಿದು ಕಾರು ಬಾಡಿಗೆಗೆ ತೆಗೆದುಕೊಂಡು ಅಲ್ಲೇ ವಾಪಸ್ ಕೊಡಿ. ಬೇರೆ ಊರಿನಲ್ಲಿ ಬಿಟ್ಟರೆ ಡ್ರಾಪ್ ಚಾರ್ಜ್ ಮೈಮೇಲೆ ಬರುತ್ತದೆ. ವೇಗಸ್‌ನಿಂದ ಜಯಾನ್ 160 ಮೈಲಿ, ಅಲ್ಲಿ ಎರಡು ರಾತ್ರಿ. ಜಯಾನ್‌ನಿಂದ ಬ್ರೈಸ್ 85 ಮೈಲಿ, ಒಂದು ರಾತ್ರಿ. ಬ್ರೈಸ್‌ನಿಂದ ಹೈವೇ 12 ಹಿಡಿದು ಟೋರಿ ಎಂಬ ಪುಟ್ಟ ಊರು, ಒಂದು ರಾತ್ರಿ. ಮರುದಿನ ಪಕ್ಕದ ಕ್ಯಾಪಿಟಲ್ ರೀಫ್ ಪಾರ್ಕ್ ನೋಡಿಕೊಂಡು ಮೋಬ್ (Moab) ಊರು, ಅಲ್ಲಿ ಆರ್ಚಸ್ ಪಾರ್ಕ್‌ಗಾಗಿ ಎರಡು ರಾತ್ರಿ. ಆಮೇಲೆ ಮಾನ್ಯುಮೆಂಟ್ ವ್ಯಾಲಿ ಒಂದು, ಪೇಜ್ ಎಂಬ ಊರಿನಲ್ಲಿ ಒಂದು, ಕೊನೆಗೆ ಸೌತ್ ರಿಮ್ ಎರಡು. ಒಟ್ಟು ಹತ್ತು ರಾತ್ರಿ, ಸುಮಾರು 1,200 ಮೈಲಿ. ಕೊನೆಯ ದಿನ ಬಿಟ್ಟರೆ ಯಾವ ದಿನವೂ ಮೂರ್ನಾಲ್ಕು ಗಂಟೆಗಿಂತ ಹೆಚ್ಚು ಡ್ರೈವಿಂಗ್ ಇಲ್ಲ. ಗ್ರ್ಯಾಂಡ್ ಕ್ಯಾನಿಯನ್ ಕೊನೆಯಲ್ಲೇ ಬರಲಿ. ಮೇಲಿನ ಮೆಟ್ಟಿಲುಗಳನ್ನು ನೋಡಿಕೊಂಡು ಬಂದ ಕಣ್ಣಿಗೆ ಅದರ ಆಳ ಬೇರೆ ಥರ ಕಾಣುತ್ತದೆ.

ಹೈವೇ 12 ಬಗ್ಗೆ ಎರಡು ಮಾತು ಹೆಚ್ಚು ಹೇಳಲೇಬೇಕು. ಬ್ರೈಸ್‌ನಿಂದ ಮೋಬ್‌ಗೆ ಮ್ಯಾಪ್ ಹಾಕಿದರೆ ಅದು ಇಂಟರ್‌ಸ್ಟೇಟ್ 70ರ ಕಡೆಗೆ ಎಳೆಯುತ್ತದೆ. ಅದರ ಮಾತು ಕೇಳಬೇಡಿ. ಎಸ್ಕಲಾಂಟೆ ದಾಟಿ ಬೋಲ್ಡರ್ ಹಳ್ಳಿಗೆ ಮುಂಚೆ ಹಾಗ್‌ಬ್ಯಾಕ್ ಎಂಬ ತುಂಡು ದಾರಿಯಿದೆ: ಬೆಟ್ಟದ ಬೆನ್ನಮೇಲೆ ರಸ್ತೆ, ಎರಡೂ ಕಡೆ ಪ್ರಪಾತ, ಹಲವೆಡೆ ತಡೆಗೋಡೆ ಇಲ್ಲ. ಹಗಲಿನಲ್ಲೇ ದಾಟಿ. ಅಲ್ಲಿಂದ ರಸ್ತೆ 9,600 ಅಡಿಗೆ ಏರುತ್ತದೆ. ಸೆಪ್ಟೆಂಬರ್ ಕೊನೆಗೆ ಆಸ್ಪನ್ ಮರಗಳು ಪೂರ್ತಿ ಹಳದಿ. ಸಂಜೆ ಮೇಲೆ ಜಿಂಕೆ, ದನ ರಸ್ತೆಗೆ ಬರುತ್ತವೆ. ನಮ್ಮ ಘಾಟಿಗಳಲ್ಲಿ ಓಡಿಸಿದವರಿಗೆ ತಿರುವುಗಳು ಕಷ್ಟವಲ್ಲ, ಬಲಬದಿಯ ಓಡಾಟ ಮಾತ್ರ ಮನಸ್ಸಿನಲ್ಲಿರಲಿ. ಇಂಟರ್‌ಸ್ಟೇಟ್ 70 ಹಿಡಿಯಲೇಬೇಕಾಗಿ ಬಂದರೆ, ಸಲೈನಾದಿಂದ ಗ್ರೀನ್ ರಿವರ್‌ವರೆಗೆ ನೂರು ಮೈಲಿಗೂ ಹೆಚ್ಚು ದೂರ ಒಂದೇ ಒಂದು ಪೆಟ್ರೋಲ್ ಬಂಕ್ ಇಲ್ಲ. ಈ ಪ್ರದೇಶದಲ್ಲಿ ಟ್ಯಾಂಕ್ ಅರ್ಧಕ್ಕಿಳಿದರೆ ತುಂಬಿಸುವುದೇ ನಿಯಮವಾಗಲಿ. ಫೋನ್ ಸಿಗ್ನಲ್ ಗಂಟೆಗಟ್ಟಲೆ ಇರುವುದಿಲ್ಲ. ಹೋಟೆಲ್ ವೈಫೈನಲ್ಲೇ ಆಫ್‌ಲೈನ್ ಮ್ಯಾಪ್ ಇಳಿಸಿಕೊಳ್ಳಿ.

ಯಾವ ತಿಂಗಳು? ಸೆಪ್ಟೆಂಬರ್ ಕೊನೆಯ ವಾರದಿಂದ ಅಕ್ಟೋಬರ್ ಮಧ್ಯದವರೆಗೆ. ಅದಾಗದಿದ್ದರೆ ಮೇ. ಮಕ್ಕಳ ರಜೆ ಎಂದು ಜುಲೈನಲ್ಲಿ ಹೋಗುವವರೇ ಹೆಚ್ಚು. ಆಗ ಜಯಾನ್, ಮೋಬ್ ಎರಡರಲ್ಲೂ 38 ಡಿಗ್ರಿ ದಾಟುತ್ತದೆ, ಮೇಲಾಗಿ ಜುಲೈನಿಂದ ಸೆಪ್ಟೆಂಬರ್ ಮಧ್ಯದವರೆಗೆ ಅಲ್ಲಿಯ ಮಳೆಗಾಲ. ನಮ್ಮ ಮುಂಗಾರಿನಂತೆ ದಿನವಿಡೀ ಸುರಿಯುವುದಲ್ಲ. ಮಧ್ಯಾಹ್ನ ಇದ್ದಕ್ಕಿದ್ದಂತೆ ಗುಡುಗು, ಸಿಡಿಲು, ಅರ್ಧ ಗಂಟೆ ಜಡಿಮಳೆ.

ಆ ಅರ್ಧ ಗಂಟೆಯ ಮಳೆಯೇ ಇಲ್ಲಿ ಜೀವ ತೆಗೆಯುವುದು. ನೆಲ ಬಂಡೆ, ನೀರು ಇಂಗುವುದಿಲ್ಲ. ಎಲ್ಲೋ ಮೈಲಿಗಳಾಚೆ ಬಿದ್ದ ನೀರು ಕಿರಿದಾದ ಕಣಿವೆಗಳೊಳಗೆ ಗೋಡೆಯಂತೆ ನುಗ್ಗುತ್ತದೆ. 1997ರ ಆಗಸ್ಟ್ 12ರಂದು ಪೇಜ್ ಹತ್ತಿರದ ಲೋಯರ್ ಆಂಟಿಲೋಪ್ ಕ್ಯಾನಿಯನ್‌ನಲ್ಲಿ ಹೀಗೆ 11 ಪ್ರವಾಸಿಗರು ಸತ್ತರು. ಮಳೆ ಬಿದ್ದದ್ದು ಅವರಿದ್ದ ಜಾಗದಲ್ಲಲ್ಲ. ಇವತ್ತು ಅಲ್ಲಿಗೆ ನವಾಹೊ ಬುಡಕಟ್ಟಿನ ಗೈಡ್ ಜೊತೆ ಮಾತ್ರ ಪ್ರವೇಶ. ಅವರು ಟೂರ್ ರದ್ದು ಮಾಡಿದರೆ ವಾದಿಸಬೇಡಿ. ಜಯಾನ್‌ನಲ್ಲಿ ನದಿಯೊಳಗೇ ನಡೆಯುವ ನ್ಯಾರೋಸ್‌ಗೂ ಇದೇ ಮಾತು: ಬೆಳಗ್ಗೆ ವಿಸಿಟರ್ ಸೆಂಟರ್‌ನಲ್ಲಿ ಪ್ರವಾಹದ ಸಾಧ್ಯತೆ ಎಷ್ಟೆಂದು ಬರೆದಿರುತ್ತಾರೆ, ಓದದೆ ನೀರಿಗಿಳಿಯಬೇಡಿ.

ಬಿಸಿಲಿನ ಕತೆ ಇನ್ನೊಂದು. ಬೆಟ್ಟ ಹತ್ತುವಾಗ ಸುಸ್ತು ಮೊದಲು ಬರುತ್ತದೆ, ಇಳಿಯುವುದು ಸಲೀಸು. ಗ್ರ್ಯಾಂಡ್ ಕ್ಯಾನಿಯನ್‌ನಲ್ಲಿ ಇದು ತಿರುವುಮುರುವು. ಇಳಿಯುವಾಗ ಹಾಯೆನಿಸುತ್ತದೆ, ಮೈಲಿಗಟ್ಟಲೆ ಇಳಿದುಬಿಡುತ್ತೀರಿ, ಇಳಿದಂತೆಲ್ಲ ಸೆಖೆ ಏರುತ್ತದೆ. ಅಂಚಿನಲ್ಲಿ 28 ಡಿಗ್ರಿ ಇದ್ದ ದಿನ ತಳದಲ್ಲಿ 40 ದಾಟಿರಬಹುದು. ಇಳಿದ ಸಮಯದ ಎರಡರಷ್ಟು ಹತ್ತಲು ಬೇಕು. ನದಿಯವರೆಗೆ ಹೋಗಿ ಅದೇ ದಿನ ಮರಳುವ ಯೋಚನೆ ಬೇಡವೆಂದು ರೇಂಜರ್‌ಗಳು ಬೋರ್ಡ್ ಹಾಕಿರುವುದು ಹೆದರಿಸಲಿಕ್ಕಲ್ಲ. ಸೌತ್ ಕೈಬಾಬ್ ದಾರಿಯಲ್ಲಿ ಎಲ್ಲೂ ಕುಡಿಯುವ ನೀರಿಲ್ಲ. ಅದರಲ್ಲಿ ಊ ಆ ಪಾಯಿಂಟ್‌ವರೆಗೆ, ಒಂದು ಮೈಲಿಗೂ ಸ್ವಲ್ಪ ಕಡಿಮೆ ದೂರ, ಬೆಳಗ್ಗೆ ಬೇಗ ಹೋಗಿ ಬಂದರೆ ಬಹಳ ಚೆನ್ನ. ನೀರು ಮಾತ್ರ ಕುಡಿಯುತ್ತಾ ಹೋದರೆ ರಕ್ತದಲ್ಲಿ ಉಪ್ಪು ಕುಸಿದು ತಲೆಸುತ್ತು, ವಾಂತಿ ಶುರುವಾಗುತ್ತದೆ. ಜೊತೆಗೆ ಉಪ್ಪಿನ ತಿಂಡಿ ಬೇಕು. ನಮ್ಮ ಕೋಡುಬಳೆ, ಖಾರದ ಅವಲಕ್ಕಿ, ಉಪ್ಪುಗಡಲೆ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು.

ಮಂಡಿನೋವಿನ ಅಪ್ಪ-ಅಮ್ಮ ಇದ್ದಾರೆ, ಇಷ್ಟೆಲ್ಲ ಆಗುತ್ತದೆಯೇ ಎಂದರೆ, ಖಂಡಿತ ಆಗುತ್ತದೆ. ಸೌತ್ ರಿಮ್‌ನಲ್ಲಿ ಯಾವಪೈ ಭೂವಿಜ್ಞಾನ ಮ್ಯೂಸಿಯಂನಿಂದ ವಿಲೇಜ್ ಕಡೆಗೆ ಟ್ರೇಲ್ ಆಫ್ ಟೈಮ್ ಎಂಬ ಕಾಲುದಾರಿ ಇದೆ. ಸಮತಟ್ಟು, ಟಾರು ಹಾಕಿದ್ದು, ಗಾಲಿಕುರ್ಚಿಯೂ ಹೋಗುತ್ತದೆ. ಒಂದು ಮೀಟರ್ ನಡೆದರೆ ಹತ್ತು ಲಕ್ಷ ವರ್ಷ ಹಿಂದಕ್ಕೆ ಹೋದ ಲೆಕ್ಕ. ನೆಲದಲ್ಲಿ ಕಂಚಿನ ಗುರುತುಗಳು, ಪಕ್ಕದಲ್ಲಿ ಆಯಾ ಪದರದ ಕಲ್ಲನ್ನೇ ತಂದು ಇಟ್ಟಿದ್ದಾರೆ, ಮುಟ್ಟಿ ನೋಡಬಹುದು. ಇಡೀ ಪಾರ್ಕ್‌ನಲ್ಲಿ ನನಗೆ ಅತಿ ಮೆಚ್ಚಿನದು ಇದು, ಬಸ್ ಟೂರಿನವರಿಗೆ ಇದಕ್ಕೆ ಸಮಯವೇ ಸಿಗುವುದಿಲ್ಲ. ಬ್ರೈಟ್ ಏಂಜೆಲ್ ದಾರಿಯಲ್ಲಿ ಮೊದಲ ಸುರಂಗದವರೆಗೆ ಇಳಿದು ಬಂದರೂ ಕಂದರದ ಒಳಗೆ ಕಾಲಿಟ್ಟ ಅನುಭವ ಆಗುತ್ತದೆ. ಹರ್ಮಿಟ್ ರೋಡ್‌ಗೆ ಮಾರ್ಚ್‌ನಿಂದ ನವೆಂಬರ್‌ವರೆಗೆ ಖಾಸಗಿ ಕಾರು ಬಿಡುವುದಿಲ್ಲ, ಉಚಿತ ಶಟಲ್ ಬಸ್ ಇದೆ. ಎಲ್ಲರೂ ಸೂರ್ಯಾಸ್ತಕ್ಕೆ ಮೇದರ್ ಪಾಯಿಂಟ್‌ನಲ್ಲಿ ನೂಕಾಡುತ್ತಾರೆ. ನೀವು ಈ ಶಟಲ್ ಹಿಡಿದು ಹೋಪಿ ಪಾಯಿಂಟ್‌ಗೆ ಹೋಗಿ, ಇಲ್ಲವೇ ಪೂರ್ವ ತುದಿಯ ಡೆಸರ್ಟ್ ವ್ಯೂಗೆ ಹೋಗಿ. ಹಲವೆಡೆ ಅಂಚಿಗೆ ಕಂಬಿಬೇಲಿ ಇಲ್ಲ. ಸೆಲ್ಫಿಗೆಂದು ಹಿಂದಕ್ಕೆ ಹೆಜ್ಜೆ ಇಡಲೇಬೇಡಿ. ಅಳಿಲುಗಳಿಗೆ ತಿಂಡಿ ಕೊಡಬೇಡಿ, ಬೆರಳು ಕಚ್ಚುತ್ತವೆ.

ಜಯಾನ್‌ನಲ್ಲಿ ಪರೂಸ್ ದಾರಿ ಪೂರ್ತಿ ಟಾರು. ರಿವರ್‌ಸೈಡ್ ವಾಕ್ ಕೂಡ ಹೆಚ್ಚಿನಂಶ ಸಲೀಸು. ಅಲ್ಲಿಯೂ ಪ್ರವಾಸದ ತಿಂಗಳುಗಳಲ್ಲಿ ಕಣಿವೆಯೊಳಗೆ ಶಟಲ್ ಮಾತ್ರ. ಏಂಜೆಲ್ಸ್ ಲ್ಯಾಂಡಿಂಗ್ ಹತ್ತಲು 2022ರಿಂದ ಲಾಟರಿ ಪರ್ಮಿಟ್ ಬೇಕು. ಬ್ರೈಸ್‌ನಲ್ಲಿ ಸನ್‌ರೈಸ್ ಪಾಯಿಂಟ್‌ನಿಂದ ಸನ್‌ಸೆಟ್ ಪಾಯಿಂಟ್‌ವರೆಗಿನ ಅಂಚಿನ ದಾರಿ ಹಿರಿಯರಿಗೆ. ಕಾಲು ಗಟ್ಟಿಯಿರುವವರು ಸನ್‌ರೈಸ್ ಪಾಯಿಂಟ್‌ನಿಂದ ಕ್ವೀನ್ಸ್ ಗಾರ್ಡನ್‌ಗೆ ಇಳಿದು ನವಾಹೊ ಲೂಪ್‌ನಲ್ಲಿ ಹತ್ತಬೇಕು, ಸುಮಾರು ಮೂರು ಮೈಲಿ. ಬ್ರೈಸ್ 8,000 ಅಡಿಗೂ ಎತ್ತರ. ಮೊದಲ ದಿನ ಉಸಿರು ಕಟ್ಟಿದಂತಾಗುವುದು ಸಹಜ, ಅಕ್ಟೋಬರ್ ರಾತ್ರಿ ನೀರು ಹೆಪ್ಪುಗಟ್ಟುತ್ತದೆ. ಆ ಕಲ್ಲಿನ ಕಂಬಗಳನ್ನು ಕಡೆದದ್ದೂ ಆ ಹಿಮವೇ: ಹಗಲು ಬಿರುಕಿಗಿಳಿದ ನೀರು ರಾತ್ರಿ ಹೆಪ್ಪುಗಟ್ಟಿ ಹಿಗ್ಗಿ ಕಲ್ಲನ್ನು ಸೀಳುತ್ತದೆ. ಆರ್ಚಸ್‌ನ ಡೆಲಿಕೇಟ್ ಆರ್ಚ್‌ಗೆ ಹೋಗಿಬರಲು ಮೂರು ಮೈಲಿ, ನೆರಳಿಲ್ಲ. ನಡೆಯಲಾಗದವರಿಗೆ ಕೆಳಗಿನಿಂದಲೇ ದೂರಕ್ಕೆ ಕಾಣುವ ವ್ಯೂ ಪಾಯಿಂಟ್ ಇದೆ. ಲೋಯರ್ ಆಂಟಿಲೋಪ್‌ನಲ್ಲಿ ಕಡಿದಾದ ಕಬ್ಬಿಣದ ಏಣಿಗಳಿವೆ, ಮಂಡಿನೋವಿನವರನ್ನು ಅಲ್ಲಿಗೆ ಕರೆದೊಯ್ಯಬೇಡಿ.

ದುಡ್ಡಿನ ಲೆಕ್ಕ 2026ರ ಜನವರಿ 1ರಿಂದ ಬದಲಾಗಿದೆ, ಇದು ಊರಿನಿಂದ ಬರುವವರಿಗೆ ಮುಖ್ಯ. ರಾಷ್ಟ್ರೀಯ ಉದ್ಯಾನಗಳ ವಾರ್ಷಿಕ ಪಾಸ್ ಅಮೆರಿಕದ ನಿವಾಸಿಗಳಿಗೆ 80 ಡಾಲರ್, ಇತರರಿಗೆ 250. ಪಾಸ್ ಇಲ್ಲದ ವಿದೇಶಿಯರು ಹೆಚ್ಚು ಜನ ಬರುವ 11 ಪಾರ್ಕ್‌ಗಳಲ್ಲಿ, 16 ವರ್ಷ ಮೇಲ್ಪಟ್ಟ ಪ್ರತಿಯೊಬ್ಬರಿಗೂ ಮಾಮೂಲಿ ಶುಲ್ಕದ ಜೊತೆಗೆ 100 ಡಾಲರ್ ಕೊಡಬೇಕು. ಜಯಾನ್, ಬ್ರೈಸ್, ಗ್ರ್ಯಾಂಡ್ ಕ್ಯಾನಿಯನ್ ಮೂರೂ ಆ ಪಟ್ಟಿಯಲ್ಲಿವೆ. ಆರ್ಚಸ್, ಕ್ಯಾಪಿಟಲ್ ರೀಫ್ ಇಲ್ಲ. ಅಪ್ಪ-ಅಮ್ಮ ಇಬ್ಬರಿಗೆ ಮೂರು ಪಾರ್ಕ್ ಎಂದರೆ ಹೆಚ್ಚುವರಿಯೇ 600 ಡಾಲರ್; ಇಬ್ಬರಿಗೂ ಒಂದೊಂದು ಪಾಸ್ ಕೊಂಡರೂ 500ಕ್ಕೆ ಮುಗಿಯುತ್ತದೆ. ಒಂದೇ ಕಾರಿನಲ್ಲಿ ಹೋಗುವವರಿಗೆ ಅನ್ವಯವಾಗುವ ನಿಯಮವನ್ನು ಪಾರ್ಕ್ ಸೇವೆಯ ಅಧಿಕೃತ ಜಾಲತಾಣದಲ್ಲಿ ಓದಿಯೇ ಪಾಸ್ ಕೊಳ್ಳಿ. ಆರ್ಚಸ್‌ಗೆ ಸಮಯ ಕಾದಿರಿಸಬೇಕೇ ಎನ್ನುವುದೂ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಮಾನ್ಯುಮೆಂಟ್ ವ್ಯಾಲಿ, ಆಂಟಿಲೋಪ್ ಎರಡೂ ನವಾಹೊ ನಾಡಿನವು, ಹಾರ್ಸ್‌ಶೂ ಬೆಂಡ್‌ನ ಪಾರ್ಕಿಂಗ್ ಪೇಜ್ ಊರಿನವರದು. ಈ ಮೂರೂ ಕಡೆ ಪಾಸ್ ನಡೆಯುವುದಿಲ್ಲ, ಶುಲ್ಕ ಬೇರೆ.

ಗಡಿಯಾರದಿಂದಲೂ ಟಿಕೆಟ್ ಕಳೆದುಕೊಳ್ಳುವವರಿದ್ದಾರೆ. ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿಡುವ ಬೇಸಿಗೆ ಸಮಯ ನಡೆಯುವ ಮಾರ್ಚ್‌ನಿಂದ ನವೆಂಬರ್ ಮೊದಲ ಭಾನುವಾರದವರೆಗೆ ನೆವಾಡಾಕ್ಕಿಂತ ಯೂಟಾ ಒಂದು ಗಂಟೆ ಮುಂದೆ. ಅರಿಜೋನಾ ಗಡಿಯಾರ ತಿರುಗಿಸುವುದಿಲ್ಲವಾದ್ದರಿಂದ ಯೂಟಾಕ್ಕಿಂತ ಒಂದು ಗಂಟೆ ಹಿಂದೆ. ಆದರೆ ಅರಿಜೋನಾದೊಳಗಿನ ನವಾಹೊ ನಾಡು ಯೂಟಾದ ಸಮಯವನ್ನೇ ಪಾಲಿಸುತ್ತದೆ. ಪೇಜ್ ಊರು ಅರಿಜೋನಾ ಸಮಯದಲ್ಲಿದೆ, ಫೋನ್ ಮಾತ್ರ ಯಾವ ಟವರ್ ಸಿಕ್ಕಿತೋ ಅದರ ಸಮಯ ತೋರಿಸುತ್ತದೆ. ಆಂಟಿಲೋಪ್ ಟೂರ್ ಕಾದಿರಿಸುವಾಗ ಯಾವ ಸಮಯ ಎಂದು ಕೇಳಿ, ಫೋನ್ ಗಡಿಯಾರವನ್ನು ಕೈಯಾರೆ ಅರಿಜೋನಾದ ಫೀನಿಕ್ಸ್ ಊರಿನ ಸಮಯಕ್ಕೆ ಇಟ್ಟುಕೊಳ್ಳಿ.

ಊಟಕ್ಕೆ: ಟೋರಿ, ಬ್ರೈಸ್ ಕಡೆ ಹೋಟೆಲ್‌ಗಳು ರಾತ್ರಿ ಬೇಗ ಮುಚ್ಚುತ್ತವೆ, ಸಸ್ಯಾಹಾರ ಎಂದರೆ ಹೆಚ್ಚಾಗಿ ಆಲೂಗಡ್ಡೆ, ಸಲಾಡ್, ಚೀಸ್. ವೇಗಸ್ ಬಿಡುವ ಮುನ್ನ ಮೊಸರು, ಬ್ರೆಡ್, ಹಣ್ಣು ತುಂಬಿದ ಐಸ್‌ಬಾಕ್ಸ್ ಕಾರಿನಲ್ಲಿರಲಿ, ಜೊತೆಗೆ ಅವಲಕ್ಕಿ, ಚಟ್ನಿಪುಡಿ. ಅಡುಗೆಮನೆ ಇರುವ ಕೋಣೆ ಮೋಬ್‌ನಲ್ಲಿ ಸುಲಭವಾಗಿ ಸಿಗುತ್ತದೆ, ಸಾರು-ಅನ್ನಕ್ಕೆ ಆ ಎರಡು ರಾತ್ರಿ ಇಟ್ಟುಕೊಳ್ಳಿ.

ಸೌತ್ ರಿಮ್ ಒಳಗಿನ ಲಾಡ್ಜ್‌ಗಳ ಬುಕಿಂಗ್ 13 ತಿಂಗಳು ಮೊದಲೇ ತೆರೆಯುತ್ತದೆ, ಅಕ್ಟೋಬರ್‌ನ ಕೋಣೆಗಳು ಬೇಗ ಮುಗಿಯುತ್ತವೆ. ವಿಮಾನದ ಟಿಕೆಟ್‌ಗಿಂತ ಮೊದಲು ಆ ಎರಡು ರಾತ್ರಿ ಹಿಡಿಯಿರಿ, ಉಳಿದ ಎಂಟನ್ನು ಅದರ ಸುತ್ತ ಹೊಂದಿಸಿ. ಒಳಗೆ ಸಿಗದಿದ್ದರೆ ಏಳು ಮೈಲಿ ದೂರದ ಟುಸಾಯನ್‌ನಲ್ಲಿ ನೋಡಿ. ರದ್ದಾದ ಕೋಣೆಗಳು ಆಗಾಗ ಮರಳಿ ಬರುತ್ತವೆ, ಹೊರಡುವ ಹಿಂದಿನ ವಾರದವರೆಗೂ ದಿನಾ ಒಮ್ಮೆ ನೋಡುತ್ತಿರಿ.