ಜೇಬಿಗೊಂದು ಚಾಕು, ತಲೆಗೊಂದು ನೋವು

ಮಡಚುವ ಚಾಕು ಜೇಬಿನಲ್ಲಿಟ್ಟುಕೊಂಡು ಓಡಾಡುವವರಲ್ಲಿ ಎರಡು ಪಂಗಡ. ದೊಡ್ಡದೇ ಬೇಕು ಅನ್ನುವವರು ಒಂದು, ಚಿಕ್ಕದೇ ಸಾಕು ಅನ್ನುವವರು ಇನ್ನೊಂದು. ನಾನು ಎರಡಕ್ಕೂ ಸೇರದವನು. ಬಾಗಿಲ ಪಕ್ಕದ ಡ್ರಾಯರ್ ಎಳೆದು, ಎರಡನ್ನೂ ನೋಡುತ್ತಾ ನಿಂತು, ಆಫೀಸಿಗೆ ತಡ ಮಾಡಿಕೊಳ್ಳುವವನು.

ಇಬ್ಬರನ್ನೂ ಪರಿಚಯ ಮಾಡಿಬಿಡುತ್ತೇನೆ. ದೊಡ್ಡೋನ ಅಲಗು ನನ್ನ ತೋರುಬೆರಳಿಗಿಂತ ಉದ್ದ. ಹೆಬ್ಬೆರಳಲ್ಲಿ ಸ್ವಲ್ಪ ತಳ್ಳಿದರೆ ಸಾಕು, ಟಕ್ ಅಂತ ಬಿಚ್ಚಿಕೊಂಡು ಲಾಕ್ ಆಗುತ್ತಾನೆ. ಚಿಕ್ಕೋನು ಬೀಗದ ಕೈಗಳ ಜೊತೆ ನೇತಾಡುವ ಜಾತಿ. ಒಂದು ಪುಟ್ಟ ಅಲಗು, ಒಂದು ಪುಟ್ಟ ಕತ್ತರಿ, ಒಂದು ಚಿಮಟ. ಲಾಕ್ ಗೀಕ್ ಏನಿಲ್ಲ, ಬರೀ ಸ್ಪ್ರಿಂಗು.

"ಇದರಲ್ಲೇನು ಯೋಚನೆ? ಕೆಲಸಕ್ಕೆ ತಕ್ಕ ಚಾಕು ತಗೊಂಡು ಹೋಗೋದಪ್ಪ" ಅಂತ ಜೇಬಿನಲ್ಲಿ ಚಾಕು ಇಲ್ಲದವರು ಹೇಳುತ್ತಾರೆ. ಕೆಲಸ ಯಾವುದು ಅಂತ ಮನೆ ಬಿಡುವಾಗಲೇ ಗೊತ್ತಿದ್ದರೆ ಜೇಬಿನ ಚಾಕು ಯಾಕೆ ಬೇಕಿತ್ತು? ಚಿಕ್ಕೋನನ್ನು ಇಟ್ಟುಕೊಂಡ ದಿನ ಹೆಬ್ಬೆರಳು ದಪ್ಪದ ಹಗ್ಗ ಎದುರಾಗುತ್ತದೆ. ದೊಡ್ಡೋನನ್ನು ಇಟ್ಟುಕೊಂಡ ದಿನ ಯಾರದೋ ಅಂಗಿಯ ತೋಳಿಂದ ಒಂದು ನೂಲು ಇಳಿಬಿದ್ದಿರುತ್ತದೆ.

ಈ ಗೊಂದಲ ನನ್ನೊಬ್ಬನದೇ ಅಲ್ಲ ಅನ್ನೋದೊಂದು ಸಮಾಧಾನ. ಫ್ರಾನ್ಸಿನ ಸವೋಯ್ ಸೀಮೆಯಲ್ಲಿ ಜೋಸೆಫ್ ಒಪಿನೆಲ್ ಎಂಬಾತ 1890ರಲ್ಲಿ ಮರದ ಹಿಡಿಯ ಮಡಚುವ ಚಾಕು ಮಾಡಿದ. ಯಾವ ಅಳತೆ ಮಾಡಲಿ ಅಂತ ತಲೆ ಕೆಡಿಸಿಕೊಳ್ಳಲಿಲ್ಲ. 1897ರ ಹೊತ್ತಿಗೆ 1ರಿಂದ 12ರವರೆಗೆ ನಂಬರು ಹಾಕಿ ಎಲ್ಲ ಅಳತೆಯಲ್ಲೂ ಮಾಡಿಬಿಟ್ಟ. ಆಮೇಲೆ 1ನೇ ನಂಬರು ತೀರಾ ಚಿಕ್ಕದಾಯಿತು, 11ನೆಯದು 10ಕ್ಕೂ 12ಕ್ಕೂ ನಡುವೆ ಸುಮ್ನೆ ನಿಂತಿದೆ ಅಂತ ಎರಡನ್ನೂ ಕೈಬಿಟ್ಟರು. ನನಗೆ ಎರಡರಲ್ಲಿ ಒಂದನ್ನು ಬಿಡೋಕೆ ಆಗುತ್ತಿಲ್ಲ, ಅವರು ಹನ್ನೆರಡರಲ್ಲಿ ಎರಡನ್ನು ಬಿಟ್ಟರಲ್ಲ, ಅದಕ್ಕೆ ಗುಂಡಿಗೆ ಬೇಕು. ಇವತ್ತು ಅದರಲ್ಲಿ ಜಾಸ್ತಿ ಹೆಸರಾಗಿರುವುದು 8ನೇ ನಂಬರು. ಅಲಗು 8.5 ಸೆಂಟಿಮೀಟರ್. ದೊಡ್ಡದೂ ಅಲ್ಲ, ಚಿಕ್ಕದೂ ಅಲ್ಲ. "ಹಾಗಾದ್ರೆ ಅದನ್ನೇ ತಗೋ, ಜಗಳ ಮುಗೀತು" ಅಂತ ಗೆಳೆಯನೊಬ್ಬ ಸಲಹೆ ಕೊಟ್ಟ. ತಗೊಂಡರೆ ಬೆಳಗ್ಗೆ ಮೂರು ಚಾಕುಗಳ ಮುಂದೆ ನಿಲ್ಲಬೇಕಾಗುತ್ತದೆ ಅನ್ನೋದು ಅವನಿಗೆ ಹೊಳೆಯಲೇ ಇಲ್ಲ.

ದೊಡ್ಡೋನ ಕಾಟ ಶುರುವಾಗೋದು ಕೂತಾಗ. ಮಡಚುವ ಚಾಕುವಿನ ಲೆಕ್ಕ ಸರಳ. ಅಲಗು ಪೂರ್ತಿ ಹಿಡಿಯೊಳಗೆ ಅಡಗಬೇಕು, ಹಾಗಾಗಿ ಹಿಡಿ ಅಲಗಿಗಿಂತ ಉದ್ದವೇ ಇರಬೇಕು. ಎಲ್ಲರೂ ಮಾತಾಡೋದು ಅಲಗಿನ ಉದ್ದ, ನಾವು ಹೊರೋದು ಹಿಡಿಯ ಉದ್ದ. ಕಾರಿನಲ್ಲಿ ಕೂತರೆ ಆ ಹಿಡಿಯ ಒಂದು ತುದಿ ತೊಡೆಗೆ, ಇನ್ನೊಂದು ತುದಿ ಸೊಂಟದ ಮೂಳೆಗೆ. ಕ್ಲಿಪ್ ಹಾಕಿ ಜೇಬಿನ ಅಂಚಿಗೆ ಸಿಕ್ಕಿಸಿದರೆ ತೊಡೆ ಉಳಿಯುತ್ತದೆ. ಆದರೆ ಆ ಕ್ಲಿಪ್ಪು ಕುರ್ಚಿಯ ತೋಳನ್ನು ಕಂಡ ತಕ್ಷಣ ತಬ್ಬಿಕೊಳ್ಳುತ್ತದೆ. ಮೀಟಿಂಗ್ ಮುಗಿದು ಎಲ್ಲರೂ ಎದ್ದರು. ನಾನೂ ಎದ್ದೆ. ಕುರ್ಚಿಯೂ ಎದ್ದಿತು. ಪರ್ ಅಂತ ಸದ್ದು ಬಂದಾಗ ಜೇಬಿನ ಹೊಲಿಗೆ ಅರ್ಧ ಹೋಗಿತ್ತು. ಫೈಲನ್ನು ಸೊಂಟಕ್ಕೆ ಅಡ್ಡ ಹಿಡಿದುಕೊಂಡು ನಡೆದುಹೋಗುವುದು ಅಂಥ ಕಷ್ಟವೇನಲ್ಲ ಬಿಡಿ.

ಭಾರದ ಮಾತೂ ಇದೆ. ಬಕ್ 110 ಅಂತ ಒಂದು ಪ್ರಸಿದ್ಧ ಲಾಕ್ ಚಾಕು, 1960ರ ದಶಕದಿಂದ ಬರುತ್ತಿದೆ. ಹಿಡಿಗೆ ಹಿತ್ತಾಳೆ ಕೂರಿಸಿರುತ್ತಾರೆ, ತೂಕ 200 ಗ್ರಾಂ ಆಸುಪಾಸು. ಅದಕ್ಕೇ ಬೆಲ್ಟಿಗೆ ಹಾಕಿಕೊಳ್ಳುವ ಒರೆಯನ್ನೂ ಜೊತೆಗೇ ಕೊಡುತ್ತಾರೆ. ಬುದ್ಧಿವಂತರು. ಜೇಬಿನ ಯೋಗ್ಯತೆ ಅವರಿಗೆ ಗೊತ್ತು. ಅದೇ ವಿಕ್ಟೋರಿನಾಕ್ಸ್‌ನ ಪುಟ್ಟ ಕ್ಲಾಸಿಕ್ ಚಾಕು ನೋಡಿ, ಮಡಚಿದಾಗ 58 ಮಿಲಿಮೀಟರ್, ತೂಕ 20 ಗ್ರಾಂ ಚಿಲ್ಲರೆ. ಹತ್ತು ಚಿಕ್ಕೋರು ಸೇರಿದರೆ ಒಬ್ಬ ದೊಡ್ಡೋನು.

ಆದರೆ ಜೇಬು, ತೊಡೆ, ಸೊಂಟದ ಮೂಳೆ ಇವೆಲ್ಲ ಹೇಗೋ ಹೊಂದಿಕೊಳ್ಳುತ್ತವೆ. ಹೊಂದಿಕೊಳ್ಳದೇ ಇರುವುದು ಸುತ್ತಲಿನವರ ಮುಖ.

ಆಫೀಸಿಗೆ ಒಂದು ಪಾರ್ಸೆಲ್ ಬಂತು. ಮಾಮೂಲಿ ರಟ್ಟಿನ ಡಬ್ಬ, ಮೇಲೆ ಕಂದು ಟೇಪು. ಒಬ್ಬರು ಉಗುರಿನಲ್ಲಿ ಕೆರೆಯುತ್ತಿದ್ದರು, ಇನ್ನೊಬ್ಬರು ಪೆನ್ನಿನ ತುದಿಯಲ್ಲಿ ಚುಚ್ಚುತ್ತಿದ್ದರು. "ಯಾರ ಹತ್ರನಾದ್ರೂ ಏನಾದ್ರೂ ಇದ್ಯಾ?" ಅಂದರು. ಇಂಥ ಗಳಿಗೆಗಾಗಿಯೇ ಅಲ್ವಾ ಮನುಷ್ಯ ಜೇಬಿನಲ್ಲಿ ಚಾಕು ಇಟ್ಟುಕೊಳ್ಳೋದು? ಮುಂದೆ ಬಂದು ದೊಡ್ಡೋನನ್ನು ತೆಗೆದೆ. ಟಕ್. ಆ ಸದ್ದು ಇಡೀ ಹಾಲಿಗೆ ಕೇಳಿಸಿತು. ಪ್ರಿಂಟರ್ ಹತ್ತಿರ ನಗುತ್ತಿದ್ದವರು ನಗು ನಿಲ್ಲಿಸಿದರು. ಉಗುರಿನಲ್ಲಿ ಕೆರೆಯುತ್ತಿದ್ದವರು ಕೈ ಹಿಂದಕ್ಕೆ ಎಳೆದುಕೊಂಡರು. ನಾನು ಟೇಪಿನ ಮೇಲೆ ಒಂದು ಗೀರು ಎಳೆದೆ, ಡಬ್ಬ ಬಾಯಿ ಬಿಟ್ಟಿತು. ಡಬ್ಬದ ಒಳಗೆ ಏನಿದೆ ಅಂತ ಒಬ್ಬರೂ ನೋಡಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಕೊನೆಗೆ ಮ್ಯಾನೇಜರ್ ಮೆಲ್ಲಗೆ ಕೇಳಿದರು, "ಎಲ್ಲಾ ಸರಿ ಇದೆ ಅಲ್ವಾ? ಮನೇಲೆಲ್ಲಾ ಆರಾಮಾ?" ಎಷ್ಟೋ ದಿನದಿಂದ ಮೇಲೆ ಕೂತಿದ್ದ ನನ್ನ ರಜೆಯ ಅರ್ಜಿ ಆ ಸಂಜೆಯೇ ಮಂಜೂರಾಯಿತು.

ಅದೇ ಕೆಲಸವನ್ನು ಚಿಕ್ಕೋನ ಕೈಲಿ ಮಾಡಿಸಿದ್ದರೆ "ಅಯ್ಯೋ, ಎಷ್ಟು ಮುದ್ದಾಗಿದೆ, ಎಲ್ಲಿ ತಗೊಂಡ್ರಿ?" ಅನ್ನುತ್ತಿದ್ದರು. ಉಕ್ಕು ಅದೇ, ಹರಿತ ಅದೇ, ಟೇಪೂ ಅದೇ. ಬೆರಳಿನಷ್ಟು ಉದ್ದ ಜಾಸ್ತಿಯಾದರೆ ಜನರ ಕಣ್ಣು ಡಬ್ಬದಿಂದ ಮನುಷ್ಯನ ಮೇಲಕ್ಕೆ ಹೋಗುತ್ತದೆ. ನನ್ನ ಪ್ರಕಾರ ಚಾಕುವಿನ ಅಳತೆ ಗೊತ್ತುಮಾಡುವುದು ಕೊಯ್ಯಬೇಕಾದ ವಸ್ತು ಅಲ್ಲ, ಪಕ್ಕದಲ್ಲಿ ನಿಂತವರು.

ಕಾನೂನಿಗೂ ಹೀಗೇ ಒಂದು ಕಣ್ಣಿದೆ. ಬ್ರಿಟನ್ನಿನಲ್ಲಿ ಕಾರಣ ಹೇಳದೆ ಜೇಬಿನಲ್ಲಿ ಇಟ್ಟುಕೊಳ್ಳಬಹುದಾದದ್ದು ಮಡಚುವ ಚಾಕು ಮಾತ್ರ. ಅಲಗಿನ ಹರಿತವಾದ ಭಾಗ 3 ಇಂಚು ಮೀರಬಾರದು, ಲಾಕ್ ಇರಬಾರದು. ಜರ್ಮನಿಯಲ್ಲಿ ಒಂದೇ ಕೈಯಲ್ಲಿ ಬಿಚ್ಚಿ ಲಾಕ್ ಆಗುವ ಚಾಕುವನ್ನು ಸರಿಯಾದ ಕಾರಣ ಇಲ್ಲದೆ ಹೊತ್ತು ತಿರುಗುವಂತಿಲ್ಲ, ಅಲಗು ಎಷ್ಟೇ ಗಿಡ್ಡ ಇರಲಿ. "ಬೆಳಗ್ಗೆ ಡ್ರಾಯರಿನಲ್ಲಿ ಅದೇ ಮೇಲಿತ್ತು" ಅನ್ನೋದು ಸರಿಯಾದ ಕಾರಣ ಅಲ್ಲ ಅಂತ ಯಾವ ವಕೀಲರನ್ನೂ ಕೇಳದೆ ಹೇಳಬಲ್ಲೆ. ವಿಚಿತ್ರ ನೋಡಿ. ಲಾಕ್ ಇರೋದು ಅಲಗು ಮಡಚಿಕೊಂಡು ನಮ್ಮ ಬೆರಳನ್ನೇ ಕೊಯ್ಯದಿರಲಿ ಅಂತ. ಬೆರಳಿಗೆ ಯಾವುದು ಒಳ್ಳೆಯದೋ ಪೊಲೀಸರಿಗೆ ಅದರ ಮೇಲೇ ಅನುಮಾನ.

ಲಾಕ್ ಇಲ್ಲದ ಚಿಕ್ಕೋನು ಏನು ಮಾಡುತ್ತಾನೆ ಅನ್ನೋದಕ್ಕೆ ನನ್ನ ತೋರುಬೆರಳೇ ಸಾಕ್ಷಿ. ಪ್ಲಾಸ್ಟಿಕ್ ಪ್ಯಾಕೊಂದಕ್ಕೆ ಮೊನೆಯಿಂದ ಚುಚ್ಚಿದೆ. ಪ್ಯಾಕು ಒಳಗೆ ಬಿಡಲಿಲ್ಲ, ಸ್ಪ್ರಿಂಗು ಸೋತಿತು, ಅಲಗು ಮನೆಗೆ ವಾಪಸ್ ಹೊರಟಿತು. ದಾರಿಯಲ್ಲಿ ನನ್ನ ಬೆರಳು. ಹತ್ತಿ ಸುತ್ತುತ್ತಾ ಹೆಂಡತಿ, "ರೀ, ಚಿಕ್ಕದು ಅಂದ್ರೆ ಏನೂ ಆಗಲ್ಲ ಅಂತಿದ್ರಿ?" ಅಂದಳು. ಏನೂ ಆಗಿರಲಿಲ್ಲ. ಪ್ಯಾಕಿಗೆ.

ಇನ್ನು ಅವನನ್ನು ಬಿಚ್ಚುವ ಸಂಭ್ರಮ. ಅಲಗಿನ ಬೆನ್ನ ಹತ್ತಿರ ಉಗುರು ಸಿಕ್ಕಿಸಲು ಒಂದು ಗೀರು ಇರುತ್ತದಲ್ಲ, ಅದು ಉಗುರು ಇರುವವರಿಗೆ ಮಾಡಿದ್ದು. ಭಾನುವಾರ ಉಗುರು ಕತ್ತರಿಸಿಕೊಂಡವನಿಗೆ ಬುಧವಾರದವರೆಗೂ ಆ ಚಾಕು ಇದ್ದೂ ಇಲ್ಲದ ಹಾಗೆ. ಕೈ ಒದ್ದೆ ಇದ್ದರಂತೂ ಕೇಳಲೇಬೇಡಿ. ಹೆಬ್ಬೆರಳು ಜಾರುತ್ತದೆ, ಅಲಗು ಕೂದಲೆಳೆಯಷ್ಟು ಮೇಲೆ ಬಂದು ಚಟ್ ಅಂತ ಒಳಗೆ ಹೋಗುತ್ತದೆ. ಎದುರಿಗೆ ದಾರ ಹಿಡಿದು ನಿಂತವರು ಮೊದಲು ಕಾಯುತ್ತಾರೆ, ಆಮೇಲೆ ಕನಿಕರದಿಂದ ನೋಡುತ್ತಾರೆ, ಆಮೇಲೆ ಹಲ್ಲಿನಲ್ಲಿ ಕಚ್ಚಿ ಕತ್ತರಿಸಿಕೊಂಡು ಹೋಗುತ್ತಾರೆ. ಕಷ್ಟಪಟ್ಟು ಬಿಚ್ಚಿದರೂ ಒಳಗೆ ಏನಿರುತ್ತದೆ? ಜೇಬಿನ ತಳದ ಬೂದು ಬಣ್ಣದ ಹಿಂಜು, ಯಾವುದೋ ರಸೀದಿಯ ಚೂರು, ಅದಕ್ಕೆಲ್ಲ ಅಂಟಾಗಿ ಹಿಂದಿನ ಸಲ ಕೊಯ್ದ ಸೇಬಿನ ರಸ. ಮಡಚುವ ಚಾಕುವಿನ ಕೀಲಿಗೆ ಹಣ್ಣಿನ ರಸ ಇಳಿದರೆ ಬಿಸಿನೀರಿನಲ್ಲಿ ತೊಳೆದು, ಒರೆಸಿ, ಹನಿ ಎಣ್ಣೆ ಬಿಡಬೇಕು. ಇದು ಎಲ್ಲರಿಗೂ ಗೊತ್ತು. ಮಾಡುವವರು ಯಾರಾದರೂ ಇದ್ದರೆ ಅವರಿಗೆ ನನ್ನ ನಮಸ್ಕಾರ.

ಮಾವನವರ ಜೊತೆ ತಿರುಗಾಟಕ್ಕೆ ಹೋದಾಗ ಮರದ ಕೆಳಗೆ ಕೂತು ಕಲ್ಲಂಗಡಿ ಕೊಯ್ಯುವ ಪ್ರಸಂಗ ಬಂತು. ಅವತ್ತು ನನ್ನ ಹತ್ತಿರ ಇದ್ದವನು ಯಾರು ಅಂತ ಬೇರೆ ಹೇಳಬೇಕಾಗಿಲ್ಲ. ಅಲಗು ಪೂರ್ತಿ ಒಳಗೆ ಹೋಯಿತು. ಹಿಡಿಯೂ ಅರ್ಧ ಹೋಯಿತು. ಹಣ್ಣಿಗೆ ಅದರ ಸುದ್ದಿಯೇ ಮುಟ್ಟಲಿಲ್ಲ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಅಲಗು ಗಿಡ್ಡವಾದಾಗ ಒಂದೇ ಉಪಾಯ, ಸುತ್ತಲೂ ಸಿಪ್ಪೆಗೆ ಗೀರು ಹಾಕುತ್ತಾ ಬಂದು ಆಮೇಲೆ ಎರಡು ಕೈಯಲ್ಲಿ ಹಿಡಿದು ಸೀಳುವುದು. ನಾನು ಹಣ್ಣನ್ನು ತಿರುಗಿಸುತ್ತಾ ಗೀರು ಹಾಕುತ್ತಾ ಹೋದೆ. ರಸ ಮೊಣಕೈಯಿಂದ ತೊಟ್ಟಿಕ್ಕುತ್ತಿತ್ತು. ಶುರು ಮಾಡಿದ ಜಾಗಕ್ಕೆ ಗೀರು ಬಂದು ಸೇರುವ ಬದಲು ಎರಡು ಬೆರಳು ಕೆಳಗೆ ಬಂದು ಮುಟ್ಟಿತು. ಮಾವನವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ "ಅಳಿಯಂದ್ರೇ, ಸ್ವಲ್ಪ ಆ ಕಡೆ ಸರೀರಿ" ಅಂದು ಹಣ್ಣನ್ನು ಎತ್ತಿ ಬಂಡೆಯ ಮೇಲೆ ಹಾಕಿದರು. ಚೂರು ಚೂರಾಯಿತು. ರುಚಿಯಾಗಿಯೇ ಇತ್ತು.

ವಿಮಾನ ನಿಲ್ದಾಣದಲ್ಲಿ ಕಳೆದುಹೋಗುವುದು ಯಾವಾಗಲೂ ಚಿಕ್ಕೋನೇ. ದೊಡ್ಡೋನು ಜೇಬಿನಲ್ಲಿ ಇರೋದು ಮರೆಯೋಕೆ ಸಾಧ್ಯವೇ ಇಲ್ಲ, ತೊಡೆ ನೆನಪಿಸುತ್ತಲೇ ಇರುತ್ತದೆ. ಚಿಕ್ಕೋನು ಬೀಗದ ಕೈಗಳ ನಡುವೆ ಬೀಗದ ಕೈ ಥರಾನೇ ಇರುತ್ತಾನೆ, ಎಕ್ಸ್‌ರೇ ಪರದೆಯ ಮೇಲೆ ಮಾತ್ರ ಚಾಕು ಆಗುತ್ತಾನೆ. 2013ರ ಮಾರ್ಚಿನಲ್ಲಿ ಅಮೆರಿಕದ ವಿಮಾನ ಸುರಕ್ಷತಾ ಇಲಾಖೆ ಒಂದು ಘೋಷಣೆ ಮಾಡಿತ್ತು. 6 ಸೆಂಟಿಮೀಟರಿಗಿಂತ ಗಿಡ್ಡ ಅಲಗಿನ, ಲಾಕ್ ಆಗದ ಪುಟ್ಟ ಚಾಕುಗಳನ್ನು ವಿಮಾನದೊಳಗೆ ಬಿಡುತ್ತೇವೆ ಅಂತ. ಗಗನಸಖಿಯರು ಗಲಾಟೆ ಎಬ್ಬಿಸಿದರು. ಜೂನಿನಲ್ಲಿ ಇಲಾಖೆ ಹಿಂದೆ ಸರಿಯಿತು. ನಾನೂ ಅವರ ಕಡೆಯೇ. ಪಕ್ಕದ ಸೀಟಿನವನು ಚಾಕು ಬಿಚ್ಚಲು ಪರದಾಡುವುದನ್ನು ಅಷ್ಟು ಹತ್ತಿರದಿಂದ ನೋಡಿಕೊಂಡು ಕೂರೋದು ಯಾರಿಗೆ ಬೇಕು?

ಕೊನೆಗೆ ನನ್ನ ಹಗ್ಗಜಗ್ಗಾಟವನ್ನು ಬಗೆಹರಿಸಿದ್ದು ಹೆಂಡತಿ. ಭದ್ರತಾ ಕೌಂಟರಿಗೆ ಬಲಿಯಾದವನ ಜಾಗಕ್ಕೆ ಅಂಥದೇ ಇನ್ನೊಬ್ಬನನ್ನು ತಂದಿದ್ದೆ. "ಇದರಲ್ಲಿ ಕತ್ತರಿ ಇದೆಯಲ್ಲಾ" ಅಂದಳು. ಹೊಸ ಬಟ್ಟೆಯ ಚೀಟಿ ಕತ್ತರಿಸಿದಳು, ಮಗನ ಬೆರಳಿಗೆ ಚುಚ್ಚಿದ್ದ ಸಿಬಿರನ್ನು ಚಿಮಟದಲ್ಲಿ ಎಳೆದಳು, ಮಾತಾಡದೆ ತನ್ನ ಬೀಗದ ಕೈ ಗೊಂಚಲಿಗೆ ಸಿಕ್ಕಿಸಿಕೊಂಡಳು. ಅಲಗನ್ನು ಅವಳು ಇವತ್ತಿನವರೆಗೂ ಬಿಚ್ಚಿಲ್ಲ. ಬೇಕಾಗಿಲ್ಲವಂತೆ.

ಹಾಗಾಗಿ ಈಗ ಡ್ರಾಯರಿನಲ್ಲಿ ಇರುವವನು ದೊಡ್ಡೋನೊಬ್ಬನೇ. ಆಯ್ಕೆಯ ತಲೆಬಿಸಿ ಇಲ್ಲ, ಆಫೀಸಿಗೆ ಸರಿಯಾದ ಹೊತ್ತಿಗೆ ಹೋಗುತ್ತಿದ್ದೇನೆ. ಮೊನ್ನೆ ಮನೆಗೆ ನೆಂಟರು ಬಂದಾಗ ಒಂದು ಉಡುಗೊರೆ ಡಬ್ಬ ಬಿಚ್ಚಬೇಕಾಯಿತು. ನಾನು ಹೆಂಡತಿಯ ಹತ್ತಿರ ಹೋಗಿ ಪಿಸುಗುಟ್ಟಿದೆ, "ನಿನ್ನ ಚಾಕು ಒಂಚೂರು ಕೊಡೇ."

"ಯಾಕ್ರೀ, ನಿಮ್ಮ ಜೇಬಲ್ಲಿ ಇಲ್ವಾ?"

"ಇದೆ ಕಣೇ. ತೆಗೀಬೇಕು ಅಂದ್ರೆ ಮೊದ್ಲು ನೆಂಟರು ಹೋಗ್ಬೇಕು."